ಬಾಗಿನ ಹೊತ್ತ ನಾಯಕ

"ಗುರುಗಳೇ, ತುಂಬಿದ ಸಭೆಯಲ್ಲಿ ಆಡಿದ ಮಾತನ್ನು ಬದಲಿಸಿದವನನ್ನು ನಾಯಕ ಎನ್ನಬಹುದೇ?"

ಕೇಳಿದವನು ಗುರುಶಾಂತ. ಮಠದಲ್ಲಿ ಓದು ಮುಗಿಸಿ, ಒಬ್ಬ ಪಾಳೆಯಗಾರನ ಮಂತ್ರಿಯ ಕೈಕೆಳಗೆ ಕೆಲಸಕ್ಕೆ ಸೇರುವವನಿದ್ದ. ಆಡಿದ ಮಾತಿಗೆ ಗಟ್ಟಿಯಾಗಿ ನಿಲ್ಲುವವರೆಂದರೆ ಅವನಿಗೆ ಬಲು ಮೆಚ್ಚು. ಗುರುಗಳು ನಕ್ಕರು. ಕೆಲಸಕ್ಕೆ ಸೇರುವ ಮೊದಲೇ ಒಡೆಯನ ಬಾಯಿಗೆ ಬೀಗ ಹುಡುಕುತ್ತಿದ್ದೀಯಲ್ಲ ಎಂದು ಛೇಡಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಕಣಿವೆ, ಅದಕ್ಕೊಂದು ಕಾವಲಿನ ಬಾಗಿಲು. ಅದರ ಈಚೆ ದೊಡ್ಡ ನಾಡು, ಆಚೆ ಚಿಕ್ಕ ನಾಡು. ಈಚೆಯ ನಾಯಕನ ಬಳಿ ಉಪ್ಪಿತ್ತು, ಕಬ್ಬಿಣವಿತ್ತು, ಕುದುರೆ ಸವಾರರಿದ್ದರು. ಆಚೆಯವರಿಗೆ ಒಂದು ಗದ್ದುಗೆ ಇತ್ತು, ಅದರ ಮೇಲೆ ಕೂತವನು ಮಾತ್ರ ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಒಂದೇ ವಂಶದ ದಾಯಾದಿಗಳು ಒಬ್ಬರನ್ನೊಬ್ಬರು ಎಬ್ಬಿಸಿ ತಾವು ಕೂರುತ್ತಿದ್ದರು. ಅಲ್ಲಿ ಜಗಳ ಎದ್ದಾಗಲೆಲ್ಲ ಈಚೆಯ ಗಡಿಯ ಹಳ್ಳಿಗಳು ನಿದ್ದೆಗೆಡುತ್ತಿದ್ದವು. ಹಾಗೆಂದು ಎರಡು ನಾಡಿನ ಜನ ದೂರದವರಲ್ಲ. ಹೆಣ್ಣು ಕೊಟ್ಟು ಹೆಣ್ಣು ತಂದವರು.

ನಾಯಕನೂ ತನ್ನ ಮಗಳನ್ನು ಆ ವಂಶದ ಹಿರಿಯ ಹುಡುಗನಿಗೆ ಕೊಟ್ಟ. ಕೊಟ್ಟು ಸುಮ್ಮನಿದ್ದಿದ್ದರೆ ಕತೆಯೇ ಇರುತ್ತಿರಲಿಲ್ಲ. ಸವಾರರನ್ನು ಕಳಿಸಿ ಅಳಿಯನನ್ನು ಗದ್ದುಗೆಯ ಮೇಲೆ ಕೂರಿಸಿದ. ಇನ್ನು ಆಚೆಯ ಚಿಂತೆ ಮುಗಿಯಿತು ಎಂದುಕೊಂಡ.

ಅಳಿಯ ಕೆಟ್ಟವನಲ್ಲ. ಆದರೆ ಕೆರೆಯ ತೂಬು ತೆರೆಯುವುದಕ್ಕೂ ಮಾವನ ಅಪ್ಪಣೆ ಕೇಳಿ ಕಳಿಸುತ್ತಿದ್ದ. ಸವಾರರು ಅಲ್ಲೇ ಬೀಡುಬಿಟ್ಟು, ಅಲ್ಲಿನವರ ಹುಲ್ಲನ್ನೇ ಕುದುರೆಗೆ ಹಾಕಿ, ಅಲ್ಲಿನವರನ್ನೇ ಗದರಿಸುತ್ತಿದ್ದರು. ಜನ ಅಳಿಯನಿಗೆ ಈಚೆಯವರ ಗೊಂಬೆ ಎಂದು ಹೆಸರಿಟ್ಟರು. ಒಂದು ದಿನ ಅವನ ಚಿಕ್ಕಪ್ಪನ ಮಗ ಊರನ್ನೆಲ್ಲ ಕೂಡಿಸಿಕೊಂಡು ಬಂದ. ಅಳಿಯನನ್ನೂ ಸವಾರರನ್ನೂ ಓಡಿಸಿ ತಾನು ಕೂತ. ಅಳಿಯ ಕಣಿವೆ ದಾಟಿ ಮಾವನ ಮನೆ ಸೇರಿದ. ಮಗಳು ಬರಲಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಬಿಟ್ಟು ಬರಲಾರೆ ಎಂದು ಅಲ್ಲೇ ಉಳಿದಳು.

ನಾಯಕನಿಗೆ ಮುಖಭಂಗವಾಯಿತು. ಕಣಿವೆಯ ಬಾಗಿಲು ಮುಚ್ಚಿಸಿ, ಅಳಿಯ ಮತ್ತೆ ಗದ್ದುಗೆ ಏರುವವರೆಗೆ ಅದನ್ನು ತೆರೆಯುವುದಿಲ್ಲ ಎಂದು ತುಂಬಿದ ಸಭೆಯಲ್ಲಿ ಆಣೆ ಮಾಡಿದ. ಸಭೆ ತಲೆದೂಗಿತು. ನೀನು ಅಲ್ಲಿದ್ದಿದ್ದರೆ ನೀನೂ ತಲೆದೂಗುತ್ತಿದ್ದೆ, ಗುರುಶಾಂತ.

ಆಚೆಗೆ ಹೋಗುತ್ತಿದ್ದ ಉಪ್ಪು ನಿಂತಿತು, ಕಬ್ಬಿಣ ನಿಂತಿತು. ಆಚೆಯವರು ಕೈಮುಗಿದುಕೊಂಡು ಬರುತ್ತಾರೆ ಎಂದು ನಾಯಕ ಕಾದ. ಅವರು ಬರಲಿಲ್ಲ. ಪಡುವಣದ ಇನ್ನೊಬ್ಬ ದೊರೆ ಅವರಿಗೆ ಉಪ್ಪು ಕಳಿಸಿದ. ಉಪ್ಪು ಹೊತ್ತ ಎತ್ತುಗಳ ಹಿಂದೆ ಅವನ ಕಾವಲಿನವರೂ ಬಂದು ಆಚೆಯ ನಾಡಿನಲ್ಲಿ ಗುಡಾರ ಹಾಕಿದರು. ಈಚೆಯ ಕುರುಬರಿಗೆ ಆಚೆಯ ಹುಲ್ಲುಗಾವಲು ತಪ್ಪಿತು. ನಾಯಕನಿಗೆ ಮಗಳ ಸುದ್ದಿಯೇ ತಪ್ಪಿತು. ಅವಳು ಹೇಗಿದ್ದಾಳೆ, ಇದ್ದಾಳೋ ಇಲ್ಲವೋ ಎಂದು ಹೇಳುವವರೂ ಇರಲಿಲ್ಲ. ಆದರೂ ಅವನು ಬಾಗಿಲು ತೆರೆಯಲಿಲ್ಲ. ಆಡಿದ ಮಾತು ಅಡ್ಡ ಕೂತಿತ್ತು.

ಗೌರಿ ಹಬ್ಬ ಹತ್ತಿರ ಬಂತು. ಕೊಟ್ಟ ಹೆಣ್ಣಿಗೆ ತವರಿನಿಂದ ಬಾಗಿನ ಹೋಗುವ ಹಬ್ಬ ಅದು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬೇಳೆ, ಬೆಲ್ಲ ಇಟ್ಟು, ಮೇಲೊಂದು ಮೊರ ಮುಚ್ಚಿ, ಅಪ್ಪನೋ ಅಣ್ಣನೋ ಒಯ್ದು ಕೊಡಬೇಕು. ಬಾಗಿನ ಬಾರದ ಹೆಣ್ಣನ್ನು ಊರು ತವರಿಲ್ಲದವಳೆಂದು ನೋಡುತ್ತದೆ. ಆಚೆಗೆ ಹೆಣ್ಣು ಕೊಟ್ಟ ಮನೆಗಳವರೆಲ್ಲ ಮೊರ ಹಿಡಿದು ಕಣಿವೆಯ ಬಾಗಿಲಿಗೆ ಬಂದರು. ಕಾವಲಿನವರು ಬಿಡಲಿಲ್ಲ. ಜನ ಜಗಳವಾಡಲಿಲ್ಲ, ಹಿಂದಿರುಗಲೂ ಇಲ್ಲ. ಮೊರಗಳನ್ನು ಮುಂದಿಟ್ಟುಕೊಂಡು ಅಲ್ಲೇ ಕೂತರು.

ನಾಯಕನ ಹೆಂಡತಿಯೂ ಬಾಗಿನ ಸಿದ್ಧಮಾಡಿ ತಂದು ಗಂಡನ ಮುಂದಿಟ್ಟಳು.

"ಇದನ್ನ ಯಾರ ಕೈಲಿ ಕಳಿಸಲಿ? ನಿಮ್ಮ ಸವಾರರ ಕೈಲೋ?"

ಹೆಣ್ಣು ಕೊಟ್ಟ ಮನೆಯಲ್ಲಿ ತಾನು ಇಷ್ಟು ದಿನ ಯಜಮಾನಿಕೆ ಮಾಡಲು ಹೋಗಿದ್ದೆ ಎಂದು ನಾಯಕನಿಗೆ ಆಗ ತಿಳಿಯಿತು. ಮೊದಲು ಮನೆಯೊಳಗೆ ನುಗ್ಗಿ ಮಾಡಿದ, ಆಮೇಲೆ ಬಾಗಿಲು ಮುಚ್ಚಿ ಮಾಡಿದ. ಎರಡೂ ಸಲ ಮಗಳು ಹೇಗಿದ್ದಾಳೆ ಎಂದು ಕೇಳಿರಲಿಲ್ಲ. ತಿಳಿಯುವುದೇನೋ ಎಲ್ಲರಿಗೂ ಒಂದಲ್ಲ ಒಂದು ದಿನ ತಿಳಿಯುತ್ತದೆ. ಆದರೆ ಅವನು ಅಷ್ಟಕ್ಕೇ ನಿಲ್ಲದೆ ಸಭೆ ಕರೆದ. ಅದೇ ಜನರ ಮುಂದೆ ನಿಂತು, ನಾನು ಮಾಡಿದ ಆಣೆ ತಪ್ಪು, ಅದನ್ನು ಮುರಿಯುತ್ತಿದ್ದೇನೆ, ಪಾಪವಿದ್ದರೆ ನನಗಿರಲಿ ಎಂದ. ಈ ಸಲ ಯಾರೂ ತಲೆದೂಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಳಿಯ ಎದ್ದು ಹೊರಗೆ ಹೋದ. ನಾಯಕ ಸೊಂಟದ ಕತ್ತಿ ಬಿಚ್ಚಿಟ್ಟು, ಮೊರ ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಕಣಿವೆಗೆ ನಡೆದ. ಕುದುರೆ ಏರಿ ಗಡಿ ದಾಟಿದ ದೊರೆಗಳ ಕತೆ ಬೇಕಾದಷ್ಟು ಕೇಳಿದ್ದೇನೆ. ನನಗೆ ಕೈಮುಗಿಯಬೇಕು ಎನ್ನಿಸಿದ್ದು ಇವನೊಬ್ಬನಿಗೆ.

ಬಾಗಿಲು ತೆರೆಯಿತು. ಆಚೆಯ ಕಾವಲಿನವರು ಭರ್ಜಿ ಅಡ್ಡ ಹಿಡಿದರು. ಗದ್ದುಗೆಯ ಮೇಲಿದ್ದ ಆ ದಾಯಾದಿಯೇ ಓಡಿ ಬಂದ. ದಾರಿಯುದ್ದಕ್ಕೂ ಬಿರುಸು ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದ. ಎದುರಿಗೆ ನೋಡಿದರೆ ತಲೆಯ ಮೇಲೆ ಮೊರ ಹೊತ್ತ ಒಬ್ಬ ಮುದುಕ. ಅಣ್ಣನಿಗೆ ಹೆಣ್ಣು ಕೊಟ್ಟವನು ತನಗೂ ಮಾವನೇ. ಬೇರೆ ಏನೆಂದು ಕರೆಯುವುದು?

"ಏನು ಮಾವ, ನನ್ನನ್ನು ಇಳಿಸೋಕೆ ಬಂದಿರಾ?"

"ಗದ್ದುಗೆ ನಿಮ್ಮ ಊರಿನದು. ಯಾರು ಕೂರಬೇಕು ಅನ್ನೋದು ನಿಮ್ಮ ಜನಕ್ಕೆ ಬಿಟ್ಟದ್ದು. ನನಗೆ ಮಗಳ ಮನೆಗೆ ದಾರಿ ಬಿಡಪ್ಪ."

ಅವನು ಮುದುಕನ ಬರಿಗಾಲನ್ನೂ ಕತ್ತಿಯಿಲ್ಲದ ಸೊಂಟವನ್ನೂ ನೋಡಿದ. ಆಮೇಲೆ ಭರ್ಜಿ ಇಳಿಸಲು ಹೇಳಿ ಪಕ್ಕಕ್ಕೆ ಸರಿದ. ನಾಯಕನ ಹಿಂದೆ ನೂರಾರು ಮೊರಗಳು ಸಾಲಾಗಿ ಹೋದವು. ಆ ದಾಯಾದಿಯ ತಾಯಿಯೂ ಈಚೆಯ ನಾಡಿನ ಹೆಣ್ಣೇ. ಅವಳ ತಮ್ಮನೂ ಆ ಸಾಲಿನಲ್ಲಿದ್ದ.

ಮಗಳು ಬದುಕಿದ್ದಳು. ಬಾಗಿನ ತೆಗೆದುಕೊಂಡಳು. ಅಪ್ಪನ ಮೇಲೆ ಅವಳಿಗೆ ಬಹಳ ಸಿಟ್ಟಿತ್ತು. ಎಲೆ ಹಾಕಿ ಬಡಿಸಿದಳು, ಮಾತಾಡಲಿಲ್ಲ. ಅವನು ತಲೆ ಬಗ್ಗಿಸಿ ಊಟ ಮಾಡಿ ಎದ್ದ. ಹೊರಡುವಾಗ ಮಾತ್ರ ಅವಳು, ಅಮ್ಮನ ಮಂಡಿನೋವು ಹೇಗಿದೆ ಎಂದು ಕೇಳಿದಳು.

ಆಮೇಲೆ ಕಣಿವೆಯ ಬಾಗಿಲು ಮುಚ್ಚಲಿಲ್ಲ. ಆಚೆಯ ಗದ್ದುಗೆಯ ಜಗಳವೇನೂ ನಿಲ್ಲಲಿಲ್ಲ. ಆ ದಾಯಾದಿಯೂ ಇಳಿದ, ಇನ್ನೊಬ್ಬ ಏರಿದ. ಸೋತವರು ಸವಾರರನ್ನು ಕೊಡಿ ಎಂದು ಈಚೆಗೆ ಓಡಿ ಬರುತ್ತಿದ್ದರು. ನಾಯಕ ಅವರಿಗೆ ಊಟ ಹಾಕಿಸುತ್ತಿದ್ದ, ಸವಾರರನ್ನು ಕೊಡುತ್ತಿರಲಿಲ್ಲ. ಗೆದ್ದವರು ಯಾರೇ ಆಗಲಿ, ಉಪ್ಪು ತಪ್ಪಿಸುತ್ತಿರಲಿಲ್ಲ. ಈಚೆಯ ಉಪ್ಪು ಕಾವಲಿನವರಿಲ್ಲದೆ ಬರುವುದನ್ನು ಕಂಡು ಜನ ಪಡುವಣದ ಉಪ್ಪು ಕೊಳ್ಳುವುದನ್ನು ಬಿಟ್ಟರು. ಆ ಗುಡಾರಗಳು ತಾವಾಗಿಯೇ ಎದ್ದು ಹೋದವು. ಅಳಿಯ ಒಂದು ದಿನ ಒಬ್ಬನೇ ನಡೆದು ಹೋಗಿ ಹೆಂಡತಿಯನ್ನು ಸೇರಿ, ಹೊಲ ಉಳುತ್ತಾ ಬದುಕಿದ. ಗದ್ದುಗೆ ಅವನಿಗೆ ಮತ್ತೆ ಸಿಗಲಿಲ್ಲ. ಮಾವನನ್ನು ಅವನು ಕೊನೆಯವರೆಗೂ ಕ್ಷಮಿಸಲಿಲ್ಲ. ಅವನ ನೋವೂ ಸುಳ್ಳಲ್ಲ. ನಾಯಕ ಅದನ್ನು ಬಲ್ಲವನಾಗಿದ್ದ, ಪ್ರತಿ ವರ್ಷ ಬಾಗಿನ ಒಯ್ದಾಗ ಅವನ ಮೌನವನ್ನು ಸಹಿಸಿಕೊಂಡೇ ಬರುತ್ತಿದ್ದ.

ಗುರುಗಳು ಕತೆ ಮುಗಿಸಿದರು. ಗುರುಶಾಂತನಿಗೆ ಸಮಾಧಾನವಾಗಲಿಲ್ಲ. ಅಳಿಯನ ಗದ್ದುಗೆ ಹೋಯಿತು, ಆಣೆ ಮುರಿಯಿತು, ಸಭೆ ನಕ್ಕಿತು ಎಂದು ಒಂದೊಂದಾಗಿ ಎತ್ತಿ ಹೇಳಿ, ಹಾಗಾದರೆ ಕೊನೆಗೆ ಆ ನಾಯಕ ಗೆದ್ದನೋ ಸೋತನೋ ಎಂದು ಕೇಳಿದ.

"ಮಗಳನ್ನು ಕೊಟ್ಟ ಮನೆಗೆ ಗೆಲ್ಲಬೇಕೆಂದು ಹೋಗುವ ಅಪ್ಪನನ್ನು ನೀನು ಎಲ್ಲಾದರೂ ಕಂಡಿದ್ದೀಯಾ?" ಎಂದರು ಗುರುಗಳು.