ಇಳಿಯುವ ಹರಾಜು

"ಗುರುಗಳೇ, ನಾನು ಈಗ ಮಾರುವುದೆಲ್ಲ ಆನ್‌ಲೈನ್ ಮಾರುಕಟ್ಟೆಯಲ್ಲಿ. ಅಲ್ಲಿ ಎದುರಾಳಿಗೆ ಹೆಸರಿಲ್ಲ, ಮುಖವಿಲ್ಲ. ಅವನನ್ನು ಸೋಲಿಸುವುದು ಹೇಗೆ?" ಎಂದು ವ್ಯಾಪಾರಿಯಾದ ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ರಟ್ಟಿನ ಪೆಟ್ಟಿಗೆ ಮಾಡುವವನೊಬ್ಬನಿದ್ದ. ಎಂಟು ವರ್ಷ ಒಂದೇ ಬಿಸ್ಕತ್ತು ಕಾರ್ಖಾನೆಗೆ ಪೆಟ್ಟಿಗೆ ಕೊಟ್ಟಿದ್ದ. ಎದುರುಬದುರು ಕೂತು ಒಂದು ಲೋಟ ಕಾಫಿ ಮುಗಿಸುವಷ್ಟರಲ್ಲಿ ದರ ತೀರ್ಮಾನವಾಗುತ್ತಿತ್ತು. ಒಂಬತ್ತನೆಯ ವರ್ಷ ಕಾರ್ಖಾನೆಯವರು, ಇನ್ನು ಆನ್‌ಲೈನ್ ಹರಾಜು, ಎಲ್ಲರಿಗಿಂತ ಕಡಿಮೆ ಹೇಳಿದವರಿಗೆ ವರ್ಷದ ಆರ್ಡರ್ ಎಂದರು. ಅದು ತಪ್ಪಿದರೆ ಅವನು ಹದಿನೆಂಟು ಕೆಲಸಗಾರರನ್ನು ಮನೆಗೆ ಕಳಿಸಬೇಕಿತ್ತು.

ಹೆಂಡತಿಯ ಹೆಸರಿನಲ್ಲೂ ಅವನದೊಂದು ಸಂಸ್ಥೆ ಇತ್ತು. ಎರಡನ್ನೂ ನೋಂದಾಯಿಸಿದ. "ನಾನು ಷೆಡ್ಡಿನಲ್ಲಿ ಕೂರುತ್ತೇನೆ, ನೀನು ಮೊಬೈಲ್ ಹಿಡಿದು ಮನೆಯಲ್ಲಿ ಕೂರು. ಕರೆಂಟ್ ಹೋದರೆ ಜನರೇಟರ್ ಹಾಕುವಷ್ಟರಲ್ಲಿ ನಾನು ಕೆಟ್ಟೆ. ಆಗ ನೀನು ಹಿಡಿ. ಯಾರು ಎಷ್ಟೇ ಹೇಳಲಿ, ನಾಲ್ಕಾಣೆ ಕಡಿಮೆ ಹೇಳು, ಬಿಡಬೇಡ. ಫೋನ್ ಮಾತ್ರ ಮಾಡಬೇಡ, ನನಗೆ ಲೆಕ್ಕ ತಪ್ಪುತ್ತದೆ" ಎಂದ.

ಪರದೆಯಲ್ಲಿ ಎಲ್ಲಕ್ಕಿಂತ ಕಡಿಮೆ ದರವೊಂದೇ ಕಾಣುತ್ತಿತ್ತು. ಹೊಸ ದರ ಬಂದಾಗಲೆಲ್ಲ ಗಡುವು ಎರಡು ನಿಮಿಷ ಮುಂದೆ ಹೋಗುತ್ತಿತ್ತು. ಅವನು ಹದಿನಾಲ್ಕು ರೂಪಾಯಿ ಎಂದ. ಅಷ್ಟರಲ್ಲಿ ಊರಿಗೆಲ್ಲ ಕರೆಂಟ್ ಹೋಯಿತು. ಓಡಿಹೋಗಿ ಜನರೇಟರ್ ಹಾಕಿ ಬಂದು ನೋಡಿದರೆ ದರ ಹದಿಮೂರೂ ಮುಕ್ಕಾಲಾಗಿತ್ತು.

ಅವನು ಹದಿಮೂರೂವರೆ ಎಂದ. ಹದಿಮೂರೂ ಕಾಲು ಬಂತು. ಹದಿಮೂರು ಎಂದ. ಅದಕ್ಕೂ ಕೆಳಗೆ ಬಂತು. ಪೆಟ್ಟಿಗೆಗೆ ಬೀಳುವ ಖರ್ಚೇ ಹನ್ನೆರಡು. ಅದನ್ನೂ ದಾಟಿದರು. "ಯಾವ ಮನೆಹಾಳ ಇವನು, ಹೆಂಡತಿ ಮಕ್ಕಳಿಲ್ಲವೇ ಇವನಿಗೆ" ಎಂದು ಬೈಯುತ್ತ ಹನ್ನೊಂದು ಒತ್ತಿದ. ಕ್ಷಣದಲ್ಲಿ ಹತ್ತೂ ಮುಕ್ಕಾಲು ಬಂತು. ಅವನ ಕೈ ಮತ್ತೆ ಏಳಲಿಲ್ಲ. ಗಡುವು ಮುಗಿಯಿತು.

ಮನೆಗೆ ಬಂದು, "ಸೋತೆ ಕಣೇ" ಎಂದ.

"ಯಾಕೆ ಸೋಲ್ತೀರಿ? ಆರ್ಡರ್ ನಮ್ಮದೇ. ಒಬ್ಬ ಹಟಮಾರಿ ಇದ್ದ. ಖರ್ಚಿಗಿಂತ ಕೆಳಗೆ ಇಳಿದರೂ ಬಿಡಲಿಲ್ಲ. ಬಿಡಬೇಡ ಅಂದಿದ್ದಿರಲ್ಲ, ಹತ್ತೂ ಮುಕ್ಕಾಲಿಗೆ ಅವನನ್ನು ಕೆಡವಿದೆ" ಎಂದಳು ಅವಳು.

ಅವನು ಅವಳ ಕೈಯಿಂದ ಮೊಬೈಲ್ ತೆಗೆದು ದರ ನೋಡಿದ. ಒಪ್ಪಿದ ದರಕ್ಕೆ ಪೆಟ್ಟಿಗೆ ಕೊಡಲೇಬೇಕಾಯಿತು. ಆರು ತಿಂಗಳಲ್ಲಿ ಷೆಡ್ಡಿಗೆ ಬೀಗ ಬಿತ್ತು. ಹದಿನೆಂಟು ಜನರೂ ಮನೆಗೆ ಹೋದರು.

ಶಿಷ್ಯ ಕೇಳಿದ: "ಅಷ್ಟು ಹೊತ್ತು ಉಳಿದ ವ್ಯಾಪಾರಿಗಳು ಏನು ಮಾಡುತ್ತಿದ್ದರು?"

ಗುರುಗಳೆಂದರು: "ಅವನು ಹದಿನಾಲ್ಕು ಎಂದಾಗಲೇ ಅವರೆಲ್ಲ ಎದ್ದುಹೋಗಿದ್ದರು."