ಒಂದು ಹನಿಯೂ ಸೋರದ ಗೋಡೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಹಾಸ್ಟೆಲಿನ ವಾರ್ಡನ್ ತುಂಗಭದ್ರಮ್ಮ. ಅಡುಗೆಯಾಕೆ ಹದಿನೈದು ದಿನ ಸಾರಿಗೆ ಹುಳಿ ಹಾಕುವುದನ್ನೇ ಮರೆತಿದ್ದಳು. ನಾವು ನಲವತ್ತು ಹುಡುಗಿಯರು ಎದುರಿಗೆ "ಚೆನ್ನಾಗಿದೆ" ಎಂದು ಉಂಡು, ರೂಮಿಗೆ ಹೋಗಿ ಬೈದುಕೊಳ್ಳುತ್ತಿದ್ದೆವು. ತುಂಗಭದ್ರಮ್ಮನವರಿಗೆ ಇದು ತಿಳಿದ ದಿನ ಅವರು ಗದರಲಿಲ್ಲ. ಎಲ್ಲರನ್ನೂ ಊಟದ ಹಾಲಿನಲ್ಲಿ ಕೂರಿಸಿ ಈ ಕತೆ ಹೇಳಿದರು. ಅವರಿಗೆ ಯಾರು ಹೇಳಿದ್ದರೋ, ನಾವು ಕೇಳಲಿಲ್ಲ.

ಒಬ್ಬ ಶಿಷ್ಯ ಗುರುವನ್ನು ಕೇಳಿದ: "ಗುರುಗಳೇ, ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸದಲ್ಲಿ ತಪ್ಪು ಕಂಡರೆ, ಅದನ್ನು ಮಾಡಿದವರಿಗೆ ಹೇಳಬೇಕೇ? ಹೇಳಿ ಅವರನ್ನು ನೋಯಿಸುವುದಕ್ಕಿಂತ ಸುಮ್ಮನಿರುವುದೇ ಮೇಲಲ್ಲವೇ?"

"ಯಾರ ವಿಷಯ?" ಎಂದರು ಗುರು.

"ಯಾರದೂ ಅಲ್ಲ. ಹಾಗೇ ಸುಮ್ಮನೆ ಕೇಳಿದೆ."

"ಸರಿ, ನಾನೂ ಹಾಗೇ ಸುಮ್ಮನೆ ಒಂದು ಕತೆ ಹೇಳುತ್ತೇನೆ. ಕೂತುಕೋ."

ಬಯಲಿನ ಒಂದು ಊರಿನಲ್ಲಿ ಒಬ್ಬ ರೈತ, ಅವನ ಹೆಂಡತಿ, ಮದುವೆಯ ವಯಸ್ಸಿನ ಒಬ್ಬ ಮಗಳು. ರೈತನಿಗೆ ಬೆಟ್ಟದ ಮೇಲೆ ಒಬ್ಬ ಗೆಳೆಯನಿದ್ದ. ಬೆಟ್ಟದವನು ವರ್ಷಕ್ಕೆರಡು ಸಲ ಜೇನು ಹೊತ್ತು ಸಂತೆಗೆ ಇಳಿಯುವನು, ರೈತನ ಜಗಲಿಯಲ್ಲಿ ಮಲಗುವನು, ಬೆಳಿಗ್ಗೆ ಮತ್ತೆ ಹತ್ತುವನು. ಒಂದು ಸುಗ್ಗಿಯಲ್ಲಿ ರೈತ ಕಾಲು ಮುರಿದುಕೊಂಡು ಮಲಗಿದ. ಸುದ್ದಿ ತಿಳಿದು ಬೆಟ್ಟದವನೂ ಅವನ ಹೆಂಡತಿಯೂ ಇಳಿದು ಬಂದರು. ರಾಗಿ ಕೊಯ್ದರು, ಬಡಿದರು, ತೂರಿದರು, ಕಣಜ ತುಂಬಿಸಿಕೊಟ್ಟು ಹೋದರು. ಆ ಹದಿನೆಂಟು ದಿನಗಳಲ್ಲಿ ಇಬ್ಬರು ಹೆಂಗಸರೂ ಅಕ್ಕತಂಗಿಯರಾದರು. ಬೆಟ್ಟದವಳು ಅಕ್ಕ, ರೈತನ ಹೆಂಡತಿ ತಂಗಿ.

ಹೀಗೆ ಕೂಲಿಯ ಮಾತಿಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗುವುದಕ್ಕೆ ಆ ಸೀಮೆಯಲ್ಲಿ ಮುಯ್ಯಾಳು ಎನ್ನುತ್ತಾರೆ. ಮುಯ್ಯಾಳಿಗೆ ಬಂದವರಿಗೆ ಹೊಟ್ಟೆ ತುಂಬ ಊಟ ಹಾಕಬೇಕು, ಸಂಜೆಗೆ ಬಿಸಿನೀರು ಕಾಯಿಸಬೇಕು. ಅವರು ಮಾಡಿದ ಕೆಲಸದಲ್ಲಿ ಮಾತ್ರ ಕೊಂಕು ತೆಗೆಯುವ ಹಾಗಿಲ್ಲ. ಕೂಲಿಯವನಿಗೆ "ಇದು ಸರಿಯಿಲ್ಲ, ಮತ್ತೆ ಮಾಡು" ಅನ್ನಬಹುದು, ಮುಯ್ಯಾಳಿಗೆ ಅನ್ನಬಾರದು. ಬಯಲಿಗೂ ಬೆಟ್ಟಕ್ಕೂ ಒಪ್ಪಿತವಾಗಿದ್ದ ಕಟ್ಟಳೆ ಇದೊಂದೇ.

ಎರಡು ವರ್ಷದ ಮೇಲೆ ಬೆಟ್ಟದವನ ಮನೆಯ ಹಿಂದಿನ ಗೋಡೆ ಉಬ್ಬಿ ಹೊಟ್ಟೆ ಬಿಟ್ಟಿತು. ಬೆಟ್ಟದ ಇಳಿಜಾರನ್ನು ಕಡಿದು ಮಟ್ಟ ಮಾಡಿ ಕಟ್ಟಿದ ಮನೆ ಅದು. ಹಿಂದಿನ ಮಣ್ಣು ಮನೆಯ ಮೇಲೆ ಜಾರದಂತೆ ಆಳೆತ್ತರದ ಕಲ್ಲುಗೋಡೆ ತಡೆದು ನಿಂತಿತ್ತು. ಆ ಗೋಡೆ ಇದ್ದರೆ ಮನೆ, ಇಲ್ಲದಿದ್ದರೆ ಇಲ್ಲ. ಮಳೆಗಾಲಕ್ಕೆ ಮೊದಲು ಅದನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕಿತ್ತು.

ರೈತನ ಹೆಂಡತಿ ಗಂಡನಿಗೆ, "ಈ ಸಲ ನಾವು ಹೋಗದಿದ್ದರೆ ಅವರಿಗೆ ಮುಖ ತೋರಿಸುವ ಹಾಗಿಲ್ಲ" ಎಂದಳು. ಮೂವರೂ ಗುದ್ದಲಿ, ಮಂಕರಿ, ಒಂದು ಮೂಟೆ ರಾಗಿಹಿಟ್ಟು ಹೊತ್ತು ಎರಡು ದಿನ ಬೆಟ್ಟ ಹತ್ತಿದರು.

ಮೇಲೆ ಮುಟ್ಟಿದಾಗ ರೈತನ ಹೆಂಡತಿಗೆ ಏದುಸಿರು. "ಅಕ್ಕ, ನಿಮ್ಮೂರಲ್ಲಿ ಮಟ್ಟವಾದ ಜಾಗ ಅಂದರೆ ರೊಟ್ಟಿಹಂಚು ಒಂದೇ ಏನು?" ಎಂದಳು.

"ನಿಮ್ಮೂರಲ್ಲಿ ಎತ್ತರದ ಜಾಗ ಅಂದರೆ ತಿಪ್ಪೆ ಒಂದೇ ಅಲ್ಲವಾ ತಂಗಿ? ಅದಕ್ಕೇ ಅಭ್ಯಾಸ ತಪ್ಪಿದೆ" ಎಂದಳು ಬೆಟ್ಟದವಳು.

ಕೆಲಸ ಶುರುವಾಯಿತು. ಬೆಟ್ಟದವನು ಕಲ್ಲು ಕೂರಿಸುವನು, ಅವನ ಹೆಂಡತಿ ನಡುವೆ ಮಣ್ಣು ತುಂಬುವಳು. ರೈತ ಕಲ್ಲು ಹೊತ್ತು ಕೊಡುವನು, ಅವನ ಹೆಂಡತಿ ಮಗಳು ಮಣ್ಣು ತುಳಿದು ಕಲಸುವರು. ಬೆಟ್ಟದವನ ಮುದಿ ತಾಯಿ ಮುಂಬಾಗಿಲಲ್ಲಿ ಕೂತು ಅವರೆ ಬಿಡಿಸುವಳು. ಅವಳಿಗೆ ಕಣ್ಣು ಮಂಜು, ನಾಲಿಗೆ ಚುರುಕು. ಕಲ್ಲು ಹೊತ್ತ ಕೈಗಳು ಒಡೆದವು. ಐದನೆಯ ದಿನದ ಹೊತ್ತಿಗೆ ಗೋಡೆ ತಲೆಯ ಮಟ್ಟಕ್ಕೆ ಬಂತು. ಆರನೆಯ ದಿನ ಬೆಳಿಗ್ಗೆ ಬೆಟ್ಟದ ಗಂಡಹೆಂಡತಿ ಚಾವಣಿಗೆ ಬಿದಿರು ಕಡಿದು ತರಲು ಆಚೆ ಗುಡ್ಡಕ್ಕೆ ಹೋದರು. "ಇವತ್ತು ನೀವು ಸುಧಾರಿಸಿಕೊಳ್ಳಿ" ಎಂದು ಹೇಳಿ ಹೋದರು.

ರೈತನ ಹೆಂಡತಿಗೆ ಸುಧಾರಿಸಿಕೊಳ್ಳುವುದು ಗೊತ್ತಿರಲಿಲ್ಲ. ಅವಳು ಗೋಡೆಯನ್ನು ಮೊದಲ ಸಲ ದೂರ ನಿಂತು ಪೂರ್ತಿ ನೋಡಿದಳು. ಮೈತುಂಬ ಕಂಡಿಗಳು. ಮಾರು ದೂರಕ್ಕೊಂದರಂತೆ, ಮೂರು ಸಾಲಿನಲ್ಲಿ, ಮುಷ್ಟಿ ಹಿಡಿಸುವಷ್ಟು ದೊಡ್ಡ ಕಂಡಿಗಳು.

"ನೋಡೇ, ನಿಮ್ಮ ಮಾವ ಗೋಡೆ ಕಟ್ಟಿದ್ದಾನೋ ಜರಡಿ ಹೆಣೆದಿದ್ದಾನೋ" ಎಂದಳು ಮಗಳಿಗೆ.

ಅವಳ ಮಾತಿಗೂ ಕಾರಣವಿತ್ತು. ಬಯಲಿನಲ್ಲಿ ಮಳೆ ಕಮ್ಮಿ. ನೀರನ್ನು ಹಿಡಿದು ನಿಲ್ಲಿಸುವುದೇ ಅಲ್ಲಿ ಬದುಕು. ಹೊಲದ ಬದುವಿನಲ್ಲಿ ಒಂದು ಇಲಿಬಿಲ ಬಿದ್ದರೂ ಬೆಳೆ ಒಣಗುತ್ತದೆ. ಊರಿನ ಕಟ್ಟೆ ಎಲ್ಲಿ ಸೋರಿದರೂ ಜನ ಇವಳನ್ನೇ ಕರೆಯುತ್ತಿದ್ದರು. ಹುತ್ತದ ಮಣ್ಣಿಗೆ ಹುಲ್ಲು ಕೊಚ್ಚಿ ಹಾಕಿ, ಹದವಾಗಿ ನಾದಿ, ಬೆರಳಲ್ಲಿ ಒತ್ತಿ ಒತ್ತಿ ತುಂಬಿದಳೆಂದರೆ ಒಂದು ಹನಿಯೂ ಸೋರುತ್ತಿರಲಿಲ್ಲ. ಆ ಕೈಗೆ ಹೆಸರಿತ್ತು. ಆ ಹೆಸರು ಅವಳಿಗೂ ಇಷ್ಟವಿತ್ತು.

ಮಗಳು ಹೇಳಿದಳು: "ಅಮ್ಮ, ಅವರು ಬರಲಿ. ಕೇಳಿ ಮುಚ್ಚೋಣ."

"ಕೇಳಿದರೆ ಬೇಡ ಅನ್ನುತ್ತಾರೆ. ದಾಕ್ಷಿಣ್ಯದ ಜನ. ಊಟಕ್ಕೆ ಕೂತಾಗ ನಾವು ಬೇಡ ಅಂದರೆ ಅವರು ಬಡಿಸುವುದು ಬಿಡುತ್ತಾರಾ? ಹಾಗೇ ಇದು."

ಮೂವರೂ ಕೂಡಿದರು. ಹುತ್ತ ಹುಡುಕಿ ಮಣ್ಣು ತಂದರು. ಕಂಡಿಗಳ ಬಾಯಿಗೆ ಮೊದಲು ಚೂಪುಗಲ್ಲು ಬಡಿದು, ಅದರ ಸುತ್ತ ಮಣ್ಣು ತುಂಬಿದರು. ರೈತನ ಹೆಂಡತಿ ಒಂದೊಂದನ್ನೂ ತಾನೇ ಒತ್ತಿದಳು. ಕೊನೆಗೆ ಗೋಡೆಗೆಲ್ಲ ತೆಳುವಾಗಿ ಸಾರಿಸಿದಳು.

ಸಂಜೆ ಬಿದಿರು ಹೊತ್ತ ಗಂಡಹೆಂಡತಿ ಹಿತ್ತಿಲಿಗೆ ಬಂದು ನಿಂತರು. ಬಿದಿರು ಇಳಿಸುವುದನ್ನು ಮರೆತರು. ಬೆಟ್ಟದವನು ಗೋಡೆಯ ಹತ್ತಿರ ಹೋಗಿ ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸಿದ.

"ಹೇಗಿದೆ ಅಣ್ಣ?" ಎಂದಳು ರೈತನ ಹೆಂಡತಿ.

ಅವನು ತಿರುಗಿ ಅವಳ ಒಡೆದ ಬೆರಳುಗಳನ್ನು ನೋಡಿದ. "ಕನ್ನಡಿ ಹಾಗಿದೆ ತಂಗಿ" ಎಂದ.

ಬೆಟ್ಟದವಳು ಬಿದಿರು ಇಳಿಸಿ, ಇದ್ದೊಂದು ಹುಂಜವನ್ನು ಹಿಡಿಯಲು ಹೋದಳು. ಊಟದ ಹೊತ್ತಿಗೆ ಮುದುಕಿಯ ಕಿವಿಗೂ ಸುದ್ದಿ ಬಿತ್ತು. "ಕಂಡಿ ಮುಚ್ಚಿದರಾ? ಎಲ್ಲಾ ಮುಚ್ಚಿದರಾ? ಹಾಗಾದರೆ ನೀರು..." ಎಂದಳು.

"ಅತ್ತೆ, ನೀರು ಆಗಲೇ ಕಾದಿದೆ, ನೀವು ಮೊದಲು ಕೈ ತೊಳೆಯಿರಿ" ಎಂದು ಸೊಸೆ ಅವಳನ್ನು ಎಬ್ಬಿಸಿಕೊಂಡು ಹೋದಳು.

ರೈತನ ಹೆಂಡತಿ ಆ ಮಾತನ್ನು ಕೇಳಿಸಿಕೊಂಡಳು. ಮುದುಕಿಗೆ ಸ್ನಾನದ ನೀರಿನ ಚಿಂತೆ ಎಂದುಕೊಂಡು ಹುಂಜದ ಸಾರಿಗೆ ಇನ್ನೊಂದು ಮುದ್ದೆ ಮುರಿದಳು.

ಮರುದಿನ ಬೆಟ್ಟದವಳು ಅವರನ್ನು ಅರ್ಧ ದಾರಿಯವರೆಗೆ ಕಳಿಸಿಬಂದಳು. "ಮುಂದಿನ ವರ್ಷ ಬಾ ತಂಗಿ, ನಿನ್ನ ಗೋಡೆ ನೋಡುವುದಕ್ಕಾದರೂ ಬಾ" ಎಂದಳು. ದಾರಿಯುದ್ದಕ್ಕೂ ರೈತನ ಹೆಂಡತಿ ಆ ಎರಡು ಪದಗಳನ್ನೇ ಹೇಳಿಕೊಂಡು ಇಳಿದಳು: ನಿನ್ನ ಗೋಡೆ.

ಮಳೆಗಾಲ ಹಿಡಿದು ತಿಂಗಳಾಗಿತ್ತು. ಸಂತೆಗೆ ಬೆಟ್ಟದಿಂದ ಬೇರೊಬ್ಬ ಜೇನು ತಂದ. ರೈತನನ್ನು ಹುಡುಕಿಕೊಂಡು ಬಂದು, ನಿಂತಲ್ಲೇ ಹೇಳಿದ: ಗೋಡೆ ಬಿತ್ತು, ಮನೆ ಹೋಯಿತು, ಹೆಂಗಸು ಹೋದಳು.

ಮೂವರೂ ಮತ್ತೆ ಗುದ್ದಲಿ ಮಂಕರಿ ಹೊತ್ತರು. ರಾಗಿಹಿಟ್ಟು ಹೊತ್ತರು. ಎರಡು ದಿನ ಬೆಟ್ಟ ಹತ್ತಿದರು. ಮೇಲೆ ಮನೆಯಿದ್ದ ಜಾಗದಲ್ಲಿ ಕೆಂಪು ಮಣ್ಣಿನ ರಾಶಿ. ಅಕ್ಕನನ್ನು ಆಗಲೇ ತೆಗೆದು ಮಣ್ಣು ಮಾಡಿದ್ದರು. ಮುದುಕಿಯೂ ಮಗನೂ ಒಂದು ಸೋಗೆಯ ಗುಡಿಸಲಿನಲ್ಲಿದ್ದರು. ಕಲ್ಲನ್ನೂ ಮಣ್ಣನ್ನೂ ಬೇರೆ ಮಾಡಬೇಕಿತ್ತು, ಬೇರೆ ಮಾಡತೊಡಗಿದರು.

ಎರಡನೆಯ ದಿನ ರೈತನ ಹೆಂಡತಿಯ ಗುದ್ದಲಿಗೆ ಒಂದು ಗಟ್ಟಿ ಹೆಂಟೆ ಸಿಕ್ಕಿತು. ಒಡೆಯಲು ಎತ್ತಿದವಳು ಕೈ ತಡೆದಳು. ಅವಳೇ ಬಡಿದ ಚೂಪುಗಲ್ಲು. ಸುತ್ತ ಅವಳೇ ಒತ್ತಿದ ಹುತ್ತದ ಮಣ್ಣು. ಮೇಲೆ ಬೆರಳಿನ ಐದು ಗುರುತು. ಗೋಡೆಯೆಲ್ಲ ಚೂರಾಗಿತ್ತು, ಇದು ಬಿರುಕು ಸಹ ಬಿಟ್ಟಿರಲಿಲ್ಲ. ಅಂಚು ಮುರಿದು ನೋಡಿದಳು. ಒಳಗೆ ಒಣಗಿತ್ತು.

ಅದನ್ನು ಮಡಿಲಲ್ಲಿಟ್ಟುಕೊಂಡು ಬೆಟ್ಟದವನ ಎದುರಿಗೆ ಹೋಗಿ ನಿಂತಳು.

"ಅಣ್ಣ, ಆ ಕಂಡಿಗಳನ್ನು ಬೇಕೆಂದೇ ಬಿಟ್ಟಿದ್ದೆಯಾ?"

ಅವನು ಕಲ್ಲಿನಿಂದ ತಲೆಯೆತ್ತಲಿಲ್ಲ. "ಮಳೆ ಹಿಡಿದರೆ ಬೆಟ್ಟದ ಒಳಗೆ ನೀರು ತುಂಬುತ್ತದೆ ತಂಗಿ. ಅದು ಹೊರಗೆ ಬರುವುದಕ್ಕೆ ದಾರಿ ಬೇಕು. ಇಲ್ಲದಿದ್ದರೆ ಗೋಡೆಯನ್ನೇ ತಳ್ಳುತ್ತದೆ. ಇಲ್ಲಿ ಮಕ್ಕಳಿಗೂ ಗೊತ್ತು. ಅದಕ್ಕೇ ನಿಮಗೆ ಹೇಳುವುದು ಹೊಳೆಯಲೇ ಇಲ್ಲ."

"ಮುಚ್ಚಿದ್ದನ್ನು ನೋಡಿದೆಯಲ್ಲ? ಆಗಲಾದರೂ ಹೇಳಬಹುದಿತ್ತಲ್ಲ?"

"ಮುಯ್ಯಾಳಿಗೆ ಬಂದವರು. ನಿನ್ನ ಕೈಯೆಲ್ಲ ರಕ್ತ. ಹೇಗೆ ಹೇಳಲಿ?"

"ನಾವು ಇಳಿದು ಹೋದ ಮೇಲೆ ಕಿತ್ತು ಹಾಕಬಹುದಿತ್ತಲ್ಲ ಅಣ್ಣ!"

"ಮಾರನೆಯ ದಿನವೇ ಹಾರೆ ತೆಗೆದುಕೊಂಡೆ. ನಿನ್ನ ಅಕ್ಕ ಬಿಡಲಿಲ್ಲ. ಬರುವ ವರ್ಷ ತಂಗಿ ಬಂದು ನೋಡಿದರೆ ಎಷ್ಟು ನೊಂದುಕೊಳ್ಳುತ್ತಾಳೋ, ಇರಲಿ ಬಿಡು ಅಂದಳು. ಮಳೆ ಬಿಡದೆ ಮೂರು ದಿನ ಹಿಡಿಯಿತು. ಗೋಡೆ ಮತ್ತೆ ಹೊಟ್ಟೆ ಬಿಡುವುದು ಕಾಣಿಸಿತು. ನಾನು ಅವ್ವನನ್ನು ಆಚೆಗೆ ಎತ್ತಿಕೊಂಡು ಹೋದೆ. ಅವಳು ಹಾರೆ ಹಿಡಿದು ಹಿತ್ತಿಲಿಗೆ ಹೋದಳು." ಅವನು ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ. "ತೀರಾ ಕೆಳಗಿನ ಸಾಲಿನಲ್ಲಿ, ಮೂಲೆಯಲ್ಲಿ, ಒಂದೇ ಒಂದು ತೂತು ಮಾಡುತ್ತೇನೆ ಅಂದಳು. ನಿನ್ನ ಕಣ್ಣಿಗೆ ಬೀಳದ ಹಾಗೆ."

ರೈತನ ಹೆಂಡತಿ ಆ ಹೆಂಟೆಯನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡು ನಿಂತಳು. ಕೇಳಿದರೆ ಬೇಡ ಅನ್ನುತ್ತಾರೆ ಎಂದು ತಾನು ಮಗಳಿಗೆ ಹೇಳಿದ್ದು ನೆನಪಾಯಿತು. ಕೇಳಿದ್ದರೆ ಬೇಡ ಅನ್ನುತ್ತಿದ್ದರು.

ಮಧ್ಯಾಹ್ನ ಮುದುಕಿ ಎಲ್ಲರಿಗೂ ಅಂಬಲಿ ಹಾಕಿದಳು. ಸೊಸೆ ಇಲ್ಲದ ಒಲೆಯಲ್ಲಿ ಅವಳೇ ತಡವರಿಸಿ ಕಾಯಿಸಿದ್ದು. ಉಪ್ಪು ಎರಡು ಸಲ ಬಿದ್ದಿತ್ತು, ಬಾಯಿಗೆ ಇಡುವ ಹಾಗಿರಲಿಲ್ಲ.

"ಉಪ್ಪು ಸರಿಯಾಗಿದೆಯೇನವ್ವ?" ಎಂದಳು ಮುದುಕಿ, ಮುಖವನ್ನು ದನಿಯ ಕಡೆ ತಿರುಗಿಸಿ. "ನನಗೆ ಈಗ ರುಚಿಯೂ ತಿಳಿಯುವುದಿಲ್ಲ."

ರೈತ ಹೆಂಡತಿಯ ಮುಖ ನೋಡಿದ. ಮಗಳು ತಾಯಿಯ ಮುಖ ನೋಡಿದಳು.

"ಹದವಾಗಿದೆ ಅವ್ವ" ಎಂದಳು ರೈತನ ಹೆಂಡತಿ. ಇನ್ನೊಂದು ಬಟ್ಟಲು ಹಾಕಿಸಿಕೊಂಡಳು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ತಪ್ಪು ಯಾರದು ಗುರುಗಳೇ? ಕೇಳದೆ ಮುಚ್ಚಿದವಳದೋ, ನೋಡಿಯೂ ಹೇಳದವರದೋ?"

ಗುರು ಅವನ ಕಡೆಗೆ ಬಾಗಿ ಕೂತರು.

"ಅದಿರಲಿ, ನನ್ನಲ್ಲಿ ನೀನು ಕಂಡ ತಪ್ಪು ಯಾವುದು?"

ಶಿಷ್ಯ ಬಾಯಿ ತೆರೆದ.

ಊಟದ ಹಾಲಿನಲ್ಲಿ ನಾವು ನಲವತ್ತು ಜನರೂ ಹಾಗೇ ಕೂತಿದ್ದೆವು. ತುಂಗಭದ್ರಮ್ಮ ಏಳುತ್ತಾ, "ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ" ಎಂದಷ್ಟೇ ಹೇಳಿದರು. ನಾನು ಇಟ್ಟುಕೊಂಡಿಲ್ಲ. ನೀವೂ ಯಾರಿಗಾದರೂ ಹೇಳಿ. ನಾನು ಹೇಳಿದ್ದರಲ್ಲಿ ಎಲ್ಲಾದರೂ ತಪ್ಪು ಕಂಡಿದ್ದರೆ, ಅವರಿಗೆ ಹೇಳುವ ಮೊದಲು ನನಗೆ ಹೇಳಿ.