ಮಂಡಿಯ ನೆಲದ ಸಾರು

ಆಶ್ರಮಕ್ಕೆ ಹೊಸದಾಗಿ ಬಂದಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದ:

"ನನ್ನ ಮೊದಲ ಗುರುಗಳು ತೀರಿಕೊಂಡ ಮೇಲೆ ನಿಮ್ಮಲ್ಲಿಗೆ ಬಂದೆ. ಅವರು ಹೇಳುತ್ತಿದ್ದುದನ್ನೇ ನೀವೂ ಹೇಳುತ್ತೀರಿ. ಆದರೂ ಅವರ ಮಾತಿನಲ್ಲಿದ್ದ ರುಚಿ ನಿಮ್ಮ ಮಾತಿನಲ್ಲಿ ನನಗೆ ಸಿಗುತ್ತಿಲ್ಲ. ಹೀಗೆ ಕೇಳುವುದು ತಪ್ಪಾದರೆ ಕ್ಷಮಿಸಿ."

"ತಪ್ಪೇನಿಲ್ಲ, ಕೂತುಕೋ" ಎಂದು ಗುರು ಈ ಕತೆ ಹೇಳಿದ.

ಒಂದು ಪೇಟೆಯಲ್ಲಿ ಒಬ್ಬ ಬೇಳೆಕಾಳಿನ ವ್ಯಾಪಾರಿ ಇದ್ದ. ಮುಷ್ಟಿಯಲ್ಲಿ ಕಾಳು ಹಿಡಿದರೆ ಸಾಕು, ಅದು ಯಾವ ಸೀಮೆಯ ಬೆಳೆ, ಮಳೆಗೆ ಸಿಕ್ಕಿದೆಯೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದ. ಅವನನ್ನು ಯಾಮಾರಿಸುವ ದಲ್ಲಾಳಿ ಇನ್ನೂ ಹುಟ್ಟಿರಲಿಲ್ಲ.

ಅವನು ಬಡತನದಲ್ಲಿ ಬೆಳೆದವನು. ತಾಯಿ ಬೇರೆಯವರ ಕಾಳಿನ ಮಂಡಿಯಲ್ಲಿ ಕಸ ಗುಡಿಸುತ್ತಿದ್ದಳು. ಅವನು ಅಲ್ಲೇ ಬೆಳಗಿನಿಂದ ಮೂಟೆಗಳ ಬಾಯಿ ಹೊಲಿಯುತ್ತಿದ್ದ. ಮನೆಯಲ್ಲಿ ಒಲೆ ಹೊತ್ತುತ್ತಿದ್ದುದು ಸಂಜೆಗೆ ಮಾತ್ರ. ಆ ಒಂದು ಹೊತ್ತಿಗೆ ತಾಯಿ ಮುದ್ದೆ ಕಟ್ಟಿ ಬೇಳೆಸಾರು ಮಾಡುತ್ತಿದ್ದಳು. ಗಡಿಗೆಯ ತಳದಲ್ಲಿ ಉಳಿದದ್ದಕ್ಕೆ ಅವನೂ ಅಕ್ಕನೂ ಕಿತ್ತಾಡುತ್ತಿದ್ದರು.

ಈಗ ತಾಯಿ ಇರಲಿಲ್ಲ. ಅಕ್ಕ ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಅವನಿಗೆ ಸ್ವಂತ ಮಂಡಿ, ಮಗ, ಸೊಸೆ ಎಲ್ಲ ಇದ್ದರು. ವಯಸ್ಸಾಗುತ್ತ ಬಂದಂತೆ ಅವನಿಗೆ ಒಂದೇ ಹಟ ಹಿಡಿಯಿತು: ಅವ್ವ ಮಾಡುತ್ತಿದ್ದ ಸಾರು ಬೇಕು.

ಸೊಸೆ ಮಾಡಿದಳು. ಅವನು ಒಂದು ತುತ್ತು ನುಂಗಿ "ಇದಲ್ಲ" ಎಂದ. ಹುಣಸೆಹುಳಿ ಬದಲಾಯಿಸಿದಳು. ಇದಲ್ಲ. ಖಾರವನ್ನು ಕಲ್ಲಿನಲ್ಲಿ ಅರೆದಳು, ಹಿತ್ತಾಳೆ ಪಾತ್ರೆ ಬಿಟ್ಟು ಮಣ್ಣಿನ ಗಡಿಗೆ ತರಿಸಿದಳು. ಅದೂ ಅಲ್ಲ. ಅವನು ತಾನೇ ಮಂಡಿಯ ಬೇಳೆಯಲ್ಲಿ ಒಂದೇ ಅಳತೆಯ, ಒಂದೇ ಬಣ್ಣದ ಕಾಳನ್ನು ಆರಿಸಿ ಮನೆಗೆ ಕಳಿಸಿದ. ಅವ್ವನ ಹೆಸರಿನಲ್ಲಿ ಮಾಡುವ ಅಡುಗೆಗೆ ಎರಡನೆಯ ದರ್ಜೆಯ ಮಾಲು ಹಾಕುವುದುಂಟೇ? ಸಾರು ಬಂತು. ತಟ್ಟೆ ಮತ್ತೆ ಪಕ್ಕಕ್ಕೆ ಸರಿಯಿತು.

ಸೊಸೆ ಅಡುಗೆಮನೆಯಲ್ಲಿ ಅಳುವುದು ಮಗನ ಕಿವಿಗೆ ಬಿತ್ತು. ಅವನು ಬಂದು ನಿಂತು ಹೇಳಿದ:

"ಅಪ್ಪಾ, ಇನ್ನೊಂದು ಸಲ ನೀವು 'ಇದಲ್ಲ' ಅಂದರೆ ಈ ಮನೆಯಲ್ಲಿ ಎರಡು ಒಲೆ ಆಗುತ್ತವೆ. ನೀವು ನಿಮ್ಮ ಸಾರು ಮಾಡಿಕೊಳ್ಳಿ, ನಾವು ನಮ್ಮದು."

ವ್ಯಾಪಾರಿಗೆ ಮಗ ಬೇಕು, ಸಾರೂ ಬೇಕು. ದಾರಿ ಕಾಣದೆ ಅಕ್ಕನಿಗೆ ಗಾಡಿ ಕಳಿಸಿದ.

ಅಕ್ಕ ಹೊಸ್ತಿಲಲ್ಲೇ ಶುರುಮಾಡಿದಳು. "ಏನೋ ತಮ್ಮಾ, ಸಾರಿಗೆ ಉಪ್ಪು ಸಾಲದು ಅಂತ ಸೊಸೆಯನ್ನು ಅಳಿಸ್ತಿದ್ದೀಯಂತೆ?"

"ಹಾಸ್ಯ ಬಿಡಕ್ಕಾ. ಅವ್ವ ಸಾರಿಗೆ ಏನು ಹಾಕುತ್ತಿದ್ದಳು, ಅದನ್ನು ಇವಳಿಗೆ ಹೇಳಿಕೊಡು."

ಅಕ್ಕ ಒಳಗೆ ಹೋಗಿ ಗಡಿಗೆ ನೋಡಿದಳು, ಅರೆದ ಖಾರವನ್ನು ಮೂಸಿದಳು. ಎಲ್ಲ ಸರಿಯಾಗಿತ್ತು. ಆಮೇಲೆ ಬೇಳೆಯ ಡಬ್ಬಿಗೆ ಕೈ ಹಾಕಿದಳು.

"ಇದು ಯಾವ ಬೇಳೆಯೋ?"

"ನನ್ನ ಮಂಡಿಯಲ್ಲಿ ಇದಕ್ಕಿಂತ ಮೇಲಿನದು ಇಲ್ಲ" ಎಂದ ವ್ಯಾಪಾರಿ, ಹೆಮ್ಮೆಯಿಂದ.

"ಇಂಥದ್ದನ್ನು ಅವ್ವ ಬೇರೆಯವರ ಮೂಟೆಯಲ್ಲಿ ನೋಡಿರಬೇಕು. ನಮ್ಮ ಗಡಿಗೆಯಲ್ಲಂತೂ ನೋಡಿರಲಿಲ್ಲ."

ಆ ಕಾಲದ ಮಂಡಿಗಳಲ್ಲಿ ಒಂದು ಪದ್ಧತಿ ಇತ್ತು. ಮೂಟೆಯಿಂದ ನೆಲಕ್ಕೆ ಉದುರಿದ ಕಾಳು ಸಂಜೆ ನೆಲ ಗುಡಿಸಿದವರಿಗೆ ಸೇರುತ್ತಿತ್ತು. ತಾಯಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಅಕ್ಕ ಮೊರದಲ್ಲಿ ಕೇರುತ್ತಿದ್ದಳು. ತಾಯಿ ಗುಡಿಸುವುದನ್ನು ವ್ಯಾಪಾರಿ ದಿನವೂ ಕಂಡಿದ್ದ. ಗುಡಿಸಿದ್ದು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅಕ್ಕ ಪೊರಕೆ ಹಿಡಿದು ನೇರ ತಮ್ಮನ ಮಂಡಿಗೆ ನಡೆದಳು. ಧಣಿಯ ಅಕ್ಕ ಕಸ ಗುಡಿಸುವುದನ್ನು ಕಂಡು ಹಮಾಲರು ಗಾಬರಿಯಾಗಿ ಎದ್ದು ನಿಂತರು. ಅವಳು ಬೇಕಾದಷ್ಟು ಗುಡಿಸಿಕೊಂಡು ಬಂದು, ಕೇರಿ, ತೊಳೆದು ಸೊಸೆಯ ಕೈಗೆ ಕೊಟ್ಟಳು. ತೊಗರಿ, ಹೆಸರು, ಅಲಸಂದೆ, ಸಿಪ್ಪೆ ಬಿಡದ ಅವರೆ, ಮುರಿದ ಕಡಲೆ ಎಲ್ಲ ಅದರಲ್ಲಿದ್ದವು.

"ನೀನು ದಿನಾ ಹೇಗೆ ಮಾಡ್ತೀಯೋ ಹಾಗೇ ಮಾಡವ್ವ. ನಿನ್ನ ಕೈಯಲ್ಲಿ ಏನೂ ದೋಷ ಇಲ್ಲ."

ರಾತ್ರಿ ವ್ಯಾಪಾರಿ ಊಟಕ್ಕೆ ಕೂತ. ಮಗ ಎದುರಿಗೆ ಕೂತ. ಸೊಸೆ ಬಡಿಸಿ ಬಾಗಿಲ ಬಳಿ ನಿಂತಳು.

ಮೊದಲ ತುತ್ತಿಗೆ ಅವನ ಕಣ್ಣುಗಳು ಮುಚ್ಚಿಕೊಂಡವು. ಅದೇ ವಾಸನೆ, ಅದೇ ಒಗರು, ಅದೇ ಸಾರು. ಎರಡನೆಯ ತುತ್ತಿಗೆ ಹಲ್ಲಿಗೆ ಕಲ್ಲು ಸಿಕ್ಕಿತು. ಮೂರನೆಯದಕ್ಕೆ ಅವನೊಳಗಿನ ವ್ಯಾಪಾರಿ ಎದ್ದು ಕೂತ. ಕೆಲವು ಕಾಳು ಬೆಂದಿಲ್ಲ, ಕೆಲವು ಕರಗಿಹೋಗಿವೆ, ಸಿಪ್ಪೆ ಕಹಿಯಾಗಿದೆ, ತಳದಲ್ಲಿ ಗೋಣಿಯ ವಾಸನೆ. ಇಂಥ ಮಾಲನ್ನು ಯಾರಾದರೂ ತಂದಿದ್ದರೆ ಗಾಡಿಯಿಂದ ಇಳಿಸಲೂ ಬಿಡುತ್ತಿರಲಿಲ್ಲ. ಆದರೂ ಅವನು ತಟ್ಟೆ ಖಾಲಿ ಮಾಡಿದ.

"ಅದೇ ಬಂತಾ ಮಾವಾ?" ಸೊಸೆ ಹೆದರಿಕೊಂಡೇ ಕೇಳಿದಳು.

"ಅದೇ ಬಂತು ತಾಯಿ. ಚೂರೂ ವ್ಯತ್ಯಾಸವಿಲ್ಲ."

"ಹಾಗಾದರೆ ದಿನಾ ಇದನ್ನೇ ಮಾಡಲಾ?"

ವ್ಯಾಪಾರಿ ಮಗನ ಮುಖ ನೋಡಿದ. ಆಮೇಲೆ ಅಕ್ಕನ ಮುಖ ನೋಡಿದ.

"ಬೇಡ" ಎಂದ. "ಮಧ್ಯಾಹ್ನ ನೀನು ಸಾರು ಮಾಡಿದ್ದೆಯಲ್ಲ, ಅದು ಉಳಿದಿದ್ದರೆ ಒಂದು ಸೌಟು ಹಾಕು."

ಗುರು ಕತೆ ನಿಲ್ಲಿಸಿದ. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅಷ್ಟು ಹಂಬಲಿಸಿದ ರುಚಿ ಹಾಗೇ ಸಿಕ್ಕಿತಲ್ಲ ಗುರುಗಳೇ, ಮತ್ತೆ ಯಾಕೆ ಬೇಡವೆಂದ? ತಾಯಿಯ ಸಾರಿನಲ್ಲಿ ಇದ್ದದ್ದು ಇದರಲ್ಲಿ ಏನಿರಲಿಲ್ಲ?"

ಗುರು ಏಳುತ್ತ ಹೇಳಿದ:

"ಮಗೂ, ನಿನ್ನ ಮೊದಲ ಗುರುವಿನ ಬಳಿಗೆ ನೀನು ಹಸಿದು ಹೋಗಿದ್ದೆ, ನನ್ನ ಬಳಿಗೆ ಉಂಡು ಬಂದಿದ್ದೀಯೆ."